ಚಿಕ್ಕಮ್ಮನ ತಿಂಗಳ ಪ್ರಳಯ

ನಮ್ಮ ಚಿಕ್ಕಮ್ಮ ಈವರೆಗೆ ಮೂವತ್ತೇಳು ಮನೆ ಕಟ್ಟಿದ್ದಾರೆ ಎಂದರೆ ನೀವು ನಂಬಲಿಕ್ಕಿಲ್ಲ. ಅದರಲ್ಲಿ ಮಾಳಿಗೆ ಇದ್ದವು ಹನ್ನೊಂದು, ಸುತ್ತ ಕಂದಕ ತೋಡಿದವು ನಾಲ್ಕು. ಈಗ ಎಷ್ಟು ಉಳಿದಿವೆ ಎಂದು ಕೇಳಿ. ಒಂದೂ ಇಲ್ಲ! ಮೂವತ್ತೇಳು ಮನೆ ಕಳೆದುಕೊಂಡವರ ಮುಖ ಹೇಗಿರಬೇಕು? ನಮ್ಮ ಚಿಕ್ಕಮ್ಮನ ಮುಖ ಮಾತ್ರ ಈಗಷ್ಟೇ ಮದುವೆ ಊಟ ಮುಗಿಸಿ ಬಂದವರ ಹಾಗೆ ಇರುತ್ತದೆ.

ಚಿಕ್ಕಮ್ಮನಿಗೆ ಐವತ್ತೆಂಟು ವರ್ಷ. ಗುರುವಾಯನಕೆರೆಯಲ್ಲಿ ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ ಅವರ ಟೈಲರ್ ಅಂಗಡಿ. ಕೈಯಲ್ಲಿ ಕತ್ತರಿ ಇಲ್ಲದಾಗ ಮೊಬೈಲು ಇರುತ್ತದೆ, ಮೊಬೈಲಿನಲ್ಲಿ ಒಂದು ಆಟ ಇರುತ್ತದೆ. ಒಂದು ದ್ವೀಪ. ಅದರಲ್ಲಿ ನಾಡಿನ ನಾನಾ ಕಡೆಯ ಜನ ಏಕಕಾಲಕ್ಕೆ ಆಡುತ್ತಾರೆ. ಶುರುವಿನಲ್ಲಿ ಕೈಯಲ್ಲಿ ಒಂದು ಕೋಲು ಬಿಟ್ಟರೆ ಬೇರೇನೂ ಇರುವುದಿಲ್ಲ. ಮರ ಕಡಿದು, ಕಲ್ಲು ಒಡೆದು, ಗುಡಿಸಲು ಕಟ್ಟಿ, ಕಬ್ಬಿಣ ಕಾಯಿಸಿ, ಕೊನೆಗೆ ಕುದುರೆ, ಗಾಡಿ, ಕೋಟೆ ಎಂದು ಬೆಳೆಯುತ್ತಾ ಹೋಗಬೇಕು. ನಡುವೆ ಬೇರೆಯವರು ಬಂದು ದೋಚುತ್ತಾರೆ. ಅದೂ ಇರಲಿ. ತಿಂಗಳ ಮೊದಲ ಗುರುವಾರ ಸಂಜೆ ನಾಲ್ಕು ಗಂಟೆಗೆ ಆಟ ನಡೆಸುವವರು ಇಡೀ ದ್ವೀಪವನ್ನೇ ಅಳಿಸಿಬಿಡುತ್ತಾರೆ! ಕೋಟೆ ಕಟ್ಟಿದವನಿಗೂ ಗುಡಿಸಲು ಕಟ್ಟಿದವನಿಗೂ ಪುನಃ ಅದೇ ಕೋಲು. ಇದಕ್ಕೆ ಆಟದವರು ಇಂಗ್ಲಿಷಿನಲ್ಲಿ ಏನೇನೋ ಹೆಸರು ಹೇಳುತ್ತಾರಂತೆ. ಚಿಕ್ಕಮ್ಮ ಇಟ್ಟ ಹೆಸರು ಪ್ರಳಯ.

ನನಗೆ ಈ ಸಂಗತಿ ಗೊತ್ತಾದದ್ದೇ ಒಂದು ಬೋರ್ಡಿನಿಂದ. ಹೆಂಡತಿಯ ಬ್ಲೌಸಿನ ಬಟ್ಟೆ ಹಿಡಿದುಕೊಂಡು ಮೂಡುಬಿದಿರೆಯಿಂದ ಬಸ್ಸಿನಲ್ಲಿ ಹೋಗಿದ್ದೆ. ಮೆಟ್ಟಿಲು ಹತ್ತಿ ನೋಡಿದರೆ ಅಂಗಡಿಯ ಬಾಗಿಲಿಗೆ ರಟ್ಟು ನೇತಾಡುತ್ತಿದೆ: ‘ಇಂದು ಸಂಜೆ ನಾಲ್ಕಕ್ಕೆ ಪ್ರಳಯ ಇರುವುದರಿಂದ ಅಂಗಡಿಗೆ ರಜೆ. ನಾಳೆ ಬನ್ನಿ.’

ಪ್ರಳಯದ ಮರುದಿನ ಬ್ಲೌಸ್ ಕೊಡುವ ಟೈಲರನ್ನು ನೀವು ಬೇರೆ ಎಲ್ಲಾದರೂ ಕಂಡಿದ್ದೀರಾ? ನಾನು ಬಾಯಿ ತೆರೆದು ನಿಂತಿದ್ದಾಗ ಇನ್ನೊಬ್ಬರು ಹೆಂಗಸು ಬಂದರು, ಬೋರ್ಡು ಓದಿದರು. ಅವರಿಗೆ ಆಶ್ಚರ್ಯವೇ ಆಗಲಿಲ್ಲ. “ಓ, ಇವತ್ತಾ? ನಾನು ಬರುವ ಗುರುವಾರ ಅಂತ ಗ್ರಹಿಸಿದ್ದು” ಎಂದು ಗೊಣಗಿ ಇಳಿದು ಹೋದರು!

ಬೇಕರಿಯ ಹಿಂದೆಯೇ ಚಿಕ್ಕಮ್ಮನ ಮನೆ. ಅಲ್ಲಿಗೆ ಹೋಗಿ, “ಚಿಕ್ಕಮ್ಮ, ಇದೆಂಥ ಹುಚ್ಚು?” ಎಂದೆ.

“ಹುಚ್ಚು ಎಂತದು ಮಾರಾಯ? ನೀನೂ ಬಾ. ಒಂದು ಜನ ಕಡಿಮೆ ಉಂಟು.”

ಹಾಗೆ ನಾನೂ ಸೇರಿದೆ. ಇಲ್ಲಿ ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಲೈಬ್ರೇರಿಯನ್. ಯಾವುದೂ ಕಳೆದುಹೋಗದಂತೆ ನೋಡಿಕೊಳ್ಳುವುದಕ್ಕೇ ನನಗೆ ಸಂಬಳ. ಮನೆಯಲ್ಲೂ ಅದೇ ಬುದ್ಧಿ. ನನ್ನ ಎಸ್ಸೆಸ್ಸೆಲ್ಸಿ ಹಾಲ್‌ಟಿಕೆಟ್ ಈಗಲೂ ಬೀರುವಿನಲ್ಲಿದೆ. ಅಂಥವನು ಆ ದ್ವೀಪದಲ್ಲಿ ಏನು ಕಟ್ಟಿಯಾನು? ಲೈಬ್ರರಿಯನ್ನೇ ಕಟ್ಟಿದೆ! ಇಪ್ಪತ್ತಾರು ದಿನ ಮರ ಕಡಿದು, ಮೂರು ಸಾಲು ಕಪಾಟು ಮಾಡಿ, ಕಿಟಕಿಗೆ ಗಾಜೂ ಹಾಕಿದೆ. ಗುರುವಾರ ನಾಲ್ಕಕ್ಕೆ ಪರದೆ ಕಪ್ಪಾಯಿತು. ಮತ್ತೆ ಬೆಳಕಾದಾಗ ನಾನು ಮರಳ ಮೇಲೆ ಕೋಲು ಹಿಡಿದು ನಿಂತಿದ್ದೆ.

ಕೂಡಲೇ ಚಿಕ್ಕಮ್ಮನಿಗೆ ಫೋನು ಮಾಡಿದೆ. “ಚಿಕ್ಕಮ್ಮ, ನನ್ನ ಲೈಬ್ರರಿ ಎಲ್ಲಿಗೆ ಹೋಯಿತು?”

“ಎಲ್ಲಿಗೂ ಹೋಗ್ಲಿಲ್ಲ. ಇಲ್ಲ, ಅಷ್ಟೆ.”

“ನಿಮಗೆ ಬೇಜಾರೇ ಆಗುವುದಿಲ್ಲವಾ?”

“ಬೇಜಾರು ಮಾಡ್ತಾ ಕೂತ್ರೆ ಕತ್ತಲೆ ಆಗ್ತದೆ. ಮರ ಕಡಿ. ಹುಲಿ ಬರ್ಲಿಕ್ಕುಂಟು.”

ಆ ರಾತ್ರಿ ನನಗೆ ಊಟ ಸೇರಲಿಲ್ಲ. ಹೆಂಡತಿ ಕಾರಣ ಕೇಳಿದಳು. ಹೇಳಿದೆ. ಅವಳು ಒಂದು ವಾರ ನನ್ನೊಡನೆ ತುಂಬ ಮೃದುವಾಗಿ ಮಾತಾಡಿದಳು, ಜ್ವರ ಬಂದವರೊಡನೆ ಮಾತಾಡುವ ಹಾಗೆ.

ಚಿಕ್ಕಮ್ಮನ ತಂಡದಲ್ಲಿ ನಾನೂ ಸೇರಿ ಹತ್ತು ಜನ. ಅವರ ಬಲಗೈ ಬಂಟ್ವಾಳದಲ್ಲಿ ಚಪ್ಪಲಿ ಅಂಗಡಿ ಇಟ್ಟಿರುವ ಹಮೀದ್. ನಲವತ್ತೈದು ದಾಟಿದ ಮನುಷ್ಯ, ಚಿಕ್ಕಮ್ಮನನ್ನು ‘ಅಕ್ಕ’ ಎನ್ನುತ್ತಾರೆ, ಅಕ್ಕ ಹೇಳಿದ ಕಡೆಗೆ ಕತ್ತಿ ಬೀಸುತ್ತಾರೆ. ಆಟದೊಳಗೇ ಒಬ್ಬರಿಗೊಬ್ಬರು ಮಾತಾಡಬಹುದು. ಹತ್ತಿರ ಬಂದ ಶತ್ರುವಿನ ಮಾತೂ ಕೇಳುತ್ತದೆ. ಒಂದು ದಿನ ಯಾರೋ ಬಂದು ಏನೋ ಗೊಣಗುತ್ತಾ ಚಿಕ್ಕಮ್ಮನ ಕಬ್ಬಿಣದ ಬಾಗಿಲನ್ನೇ ಕಿತ್ತುಕೊಂಡು ಹೊರಟ. ಹಮೀದ್ ಕತ್ತಿ ಎತ್ತಿದರು.

“ತಡಿ ಹಮೀದಾ, ಸ್ವರ ಎಲ್ಲೋ ಕೇಳಿದ ಹಾಗೆ ಉಂಟು” ಎಂದರು ಚಿಕ್ಕಮ್ಮ. “ಯಾರದು? ಎಲ್ಲಿಯವ ನೀನು?”

ಕಳ್ಳ ಸ್ವಲ್ಪ ತಡವರಿಸಿ, “ಅಳದಂಗಡಿ” ಎಂದ.

“ಅಳದಂಗಡಿಯಲ್ಲಿ ಯಾರ ಮನೆ?”

ಹೇಳಿದ! ಪಾಪ, ಕದಿಯಲು ಕಲಿತಿದ್ದ, ಸುಳ್ಳು ಹೇಳಲು ಕಲಿತಿರಲಿಲ್ಲ. ಎರಡು ಮಕ್ಕಳ ತಂದೆ ಬೇರೆ.

“ಓ, ನೀನಾ! ತಮ್ಮನ ಮದುವೆಗೆ ಅಂತ ನಿನ್ನ ಹೆಂಡತಿ ಕೊಟ್ಟ ಬ್ಲೌಸ್ ನನ್ನ ಮೆಷಿನಿನ ಮೇಲೆಯೇ ಉಂಟು. ಬಾಗಿಲು ಇದ್ದಲ್ಲಿ ಇಡ್ತೀಯಾ, ಅಲ್ಲ ಎರಡು ತೋಳು ಎರಡು ಅಳತೆ ಮಾಡ್ಲಾ?”

ಅವನು ಬಾಗಿಲನ್ನು ಇಟ್ಟದ್ದು ಮಾತ್ರವಲ್ಲ, ಹೋಗುವಾಗ ಅದನ್ನು ಮುಚ್ಚಿಕೊಂಡು ಹೋದ. ಇಂಥ ಶಕ್ತಿ ಯಾವ ಕೋಟೆಗೆ ಬರುತ್ತದೆ ಹೇಳಿ! ಅಂದಿನಿಂದ ನಾನು ಚಿಕ್ಕಮ್ಮನನ್ನು ಸ್ವಲ್ಪ ದೂರದಲ್ಲಿ ನಿಂತು, ಗೌರವದಿಂದ ನೋಡಲು ಕಲಿತೆ.

ಆದರೂ ಆ ಪ್ರಳಯ ಮಾತ್ರ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಅಷ್ಟು ಚೆಂದದ ಕೆಲಸಗಾರ್ತಿ, ಅವರು ಕಟ್ಟಿದ್ದು ಒಂದಾದರೂ ಉಳಿಯಬೇಡವೇ? ಹುಡುಕಿದೆ. ಇದೇ ಆಟದಲ್ಲಿ ಎಂದೂ ಅಳಿಸದ ದ್ವೀಪಗಳೂ ಇವೆಯೆಂದು ಗೊತ್ತಾಯಿತು. ಅಂಥದೊಂದರಲ್ಲಿ ಯಾರಿಗೂ ಹೇಳದೆ ಎರಡು ತಿಂಗಳು ಬೆವರು ಸುರಿಸಿ, ಚಿಕ್ಕಮ್ಮನಿಗಾಗಿ ಒಂದು ಮನೆ ಕಟ್ಟಿದೆ. ಹೊಲಿಗೆಗೊಂದು ಕೋಣೆ, ಮುಂದೆ ಜಗಲಿ, ಕುದುರೆ ಲಾಯ. ಅವರ ಹುಟ್ಟುಹಬ್ಬಕ್ಕೆ ಗುರುವಾಯನಕೆರೆಗೇ ಹೋಗಿ, ಮೊಬೈಲು ಕೈಗಿಟ್ಟು ತೋರಿಸಿದೆ.

ಚಿಕ್ಕಮ್ಮ ಕೋಣೆ ಕೋಣೆಯೂ ನೋಡಿದರು. ಕುದುರೆಗೆ ಹುಲ್ಲು ಹಾಕಿದರು. ಆಮೇಲೆ ಮೊಬೈಲು ನನ್ನ ಕೈಗೇ ಕೊಟ್ಟರು.

“ಭಾರೀ ಚಂದ ಮಾಡಿದ್ದೀ. ಆದ್ರೆ ನಮಗೆ ಬೇಡ.”

“ಯಾಕೆ? ಇದು ಯಾವತ್ತೂ ಹೋಗುವುದಿಲ್ಲ ಚಿಕ್ಕಮ್ಮ!”

“ಅದಕ್ಕೇ ಬೇಡ. ಚಾ ಕುಡಿ.”

ಎರಡು ತಿಂಗಳ ಬೆವರಿಗೆ ಒಂದು ಲೋಟ ಚಹಾ! ಸಿಟ್ಟು ಬಂತು. ಮೂರು ವಾರ ಫೋನೂ ಮಾಡಲಿಲ್ಲ. ಆಮೇಲೆ ಹೆಂಡತಿಯ ಬ್ಲೌಸ್ ತರುವ ನೆವದಲ್ಲಿ ಹೊರಟೆ. ಹೊರಟ ದಿನ ತಿಂಗಳ ಮೊದಲ ಗುರುವಾರ ಎಂಬುದು ಬಸ್ಸಿಳಿದ ಮೇಲೆ ನೆನಪಾಯಿತು. ಅಂಗಡಿಯಲ್ಲಿ ಬೋರ್ಡು ನೇತಾಡುತ್ತಿತ್ತು. ಮನೆಗೆ ಹೋದೆ.

ಜಗಲಿಯಲ್ಲಿ ಚಿಕ್ಕಮ್ಮ, ಪಕ್ಕದ ಕುರ್ಚಿಯಲ್ಲಿ ಚಿಕ್ಕಪ್ಪ. ಚಿಕ್ಕಪ್ಪ ಬೆಳ್ತಂಗಡಿಯಿಂದ ಬಂಟ್ವಾಳಕ್ಕೆ ಹೋಗುವ ಬಸ್ಸಿನ ಡ್ರೈವರ್ ಆಗಿದ್ದವರು. ಹಮೀದ್ ಚಿಕ್ಕಪ್ಪನಿಗೆ ಪರಿಚಯವಾದದ್ದೂ ದಿನಾ ಆ ಬಸ್ಸಿನಲ್ಲಿ ಹೋಗಿ ಬಂದೇ. ನಾಲ್ಕು ವರ್ಷದ ಹಿಂದೆ ಚಿಕ್ಕಪ್ಪನಿಗೆ ಪಾರ್ಶ್ವವಾಯು ಬಡಿದು ಬಲಗೈ ಸೋತಿತು, ಮಾತು ತೊದಲಿತು. ಬೆರಳಿಗೆ ಕೆಲಸ ಕೊಡಿ ಎಂದು ಆಸ್ಪತ್ರೆಯಲ್ಲಿ ರಬ್ಬರ್ ಚೆಂಡು ಕೊಟ್ಟರು. ಅವರು ಅದನ್ನು ಅಂಗಳಕ್ಕೆ ಎಸೆದರು. ನೋಡಲು ಬಂದ ಹಮೀದ್ ಚಿಕ್ಕಪ್ಪನ ಕೈಗೆ ಈ ಆಟ ಕೊಟ್ಟರು. ಕಾಯಿಲೆ ನನಗೆ ಮೊದಲೇ ಗೊತ್ತಿತ್ತು, ಆಟದ ವಿಷಯ ತಂಡ ಸೇರಿದ ಮೇಲೆ ತಿಳಿದಿತ್ತು. ಏನೋ ವ್ಯಾಯಾಮಕ್ಕೆ ಆಡುತ್ತಾರೆ ಎಂದುಕೊಂಡು ಅವರ ಪರದೆಯನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಅಂದು ನೋಡಿದೆ. ನಾಲ್ಕಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಉಳಿದವರೆಲ್ಲ ಕುದುರೆಗಳ ಮೇಲೆ, ಗಾಡಿಗಳಲ್ಲಿ. ಚಿಕ್ಕಪ್ಪನದು ಇನ್ನೂ ಹುಲ್ಲಿನ ಗುಡಿಸಲು. ಅವರು ಒಂದು ಮರ ಕಡಿಯುವಷ್ಟರಲ್ಲಿ ಬೇರೆಯವರು ಕಾಡು ಮುಗಿಸುತ್ತಿದ್ದರು. ಎಲ್ಲಿಗೆ ಹೊರಟರೂ ಯಾರಾದರೊಬ್ಬರು ಹಿಂದೆ ಬಂದು, “ನಿಧಾನ ಬನ್ನಿ ಬಾವ, ನಾನು ಉಂಟು” ಎಂದು ಕಾಯುತ್ತಿದ್ದರು. ಚಿಕ್ಕಪ್ಪ ತುಟಿ ಬಿಗಿಯುತ್ತಿದ್ದರು.

ಚಿಕ್ಕಮ್ಮ ನನ್ನ ಕಡೆ ವಾಲಿ ಸಣ್ಣ ಸ್ವರದಲ್ಲಿ ಹೇಳಿದರು: “ಇಡೀ ತಿಂಗಳು ಇವರಿಗಾಗಿ ಯಾರಾದ್ರೂ ನಿಲ್ಬೇಕು. ಇವರಿಗೆ ಅದು ಸೇರುದಿಲ್ಲ. ಇವತ್ತು ಯಾರೂ ನಿಲ್ಲುದು ಬೇಡ. ನಿನ್ನ ದ್ವೀಪದಲ್ಲಿ ಅಂಥ ದಿನ ಯಾವಾಗ ಬರ್ತದೆ, ಹೇಳು?”



ನಾಲ್ಕು ಗಂಟೆ ಆಯಿತು. ಪರದೆ ಕಪ್ಪಾಗಿ ಬೆಳಗಿತು. ಮರಳ ಮೇಲೆ ಒಂಬತ್ತು ಜನ, ಒಂಬತ್ತು ಕೋಲು. ಕುದುರೆ ಇಲ್ಲ, ಗಾಡಿ ಇಲ್ಲ, ಎಲ್ಲರೂ ನಡೆಯಬೇಕು. ಚಿಕ್ಕಪ್ಪ ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. ಬಲಗೈಯ ಹೆಬ್ಬೆರಳು ಪರದೆಯ ಮೇಲೆ ನಡುಗುತ್ತಾ ಊರಿತು. ಅವರು ಎಲ್ಲರಿಗಿಂತ ಮುಂದೆ ಹೊರಟರು. ಯಾರೂ ದಾಟಲಿಲ್ಲ.

ಬೆಟ್ಟದ ಬುಡದಲ್ಲಿ ದಾರಿ ಎರಡಾಯಿತು. “ಎತ್ಲಾಗಿ ಬಾವ?” ಹಮೀದರ ದನಿ ಬಂತು.

ಚಿಕ್ಕಪ್ಪನ ಬಾಯಿ ತೆರೆಯಿತು, ಮಾತು ಬರಲಿಲ್ಲ. ಕುತ್ತಿಗೆಯ ನರ ಉಬ್ಬಿತು. ಚಿಕ್ಕಮ್ಮನಿಗೆ ಉತ್ತರ ಗೊತ್ತಿತ್ತೆಂದು ಕಾಣುತ್ತದೆ, ಆದರೆ ಹೇಳಲಿಲ್ಲ. ಬಂಟ್ವಾಳದಲ್ಲಿ, ಬೆಳ್ತಂಗಡಿಯಲ್ಲಿ, ಎಲ್ಲೆಲ್ಲೋ ಕುಳಿತವರೂ ಏನೂ ಹೇಳಲಿಲ್ಲ. ನಾನು ಕಿಸೆಯಿಂದ ಮೊಬೈಲು ತೆಗೆದು, ನನ್ನ ಕೋಲು ಹಿಡಿದು, ಸಾಲಿನ ಕೊನೆಯಲ್ಲಿ ಹೋಗಿ ನಿಂತೆ.

“ಎ... ಎಡಕ್ಕೆ” ಎಂದರು ಚಿಕ್ಕಪ್ಪ.

ನಾವೆಲ್ಲ ಎಡಕ್ಕೆ ತಿರುಗಿದೆವು.