ಹದಿನೆಂಟು ಸಲ ಬಡಿದ ಗೋಡೆ

ವಿಮಾನದ ಮೈ ರಿಪೇರಿ ಕಲಿಯುವವರು ಮನೆಯಲ್ಲಿದ್ದರೆ ಇಂಥವು ಆಗುತ್ತಲೇ ಇರುತ್ತವೆ. ನನ್ನ ಮಗಳು ಅರಕಲಗೂಡಿನಿಂದ ಹಾಸನದ ಹೊರಗಿನ ಒಂದು ತರಬೇತಿ ಕೇಂದ್ರಕ್ಕೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಹಟ ಮಾಡಿ ಸೇರಿಸಿದವಳು ಅವಳ ತಾಯಿ. ಸೇರಿಸಿದ ನಾಲ್ಕನೇ ತಿಂಗಳಿಗೆ ತೀರಿಕೊಂಡಳು. ಈಗ ಮನೆಯಲ್ಲಿ ನಾವಿಬ್ಬರೇ. ಹಾಗೆಂದು ನಾನು ತಿಳಿದಿದ್ದೆ.

೧. ಆಡಿದ ಬಾಲ

ಪೋಷಕರನ್ನು ಕರೆದಿದ್ದ ದಿನ ಅಲ್ಲಿಯ ಶೆಡ್ಡಿಗೆ ಹೋದೆ. ಎಂಜಿನ್ ತೆಗೆದ ಹಳೆಯ ವಿಮಾನವೊಂದು ನಿಂತಿತ್ತು. ಮಕ್ಕಳು ಕಲಿಯುವುದು ಅದರ ಮೇಲೆ. ಎಲ್ಲರೂ ಊಟಕ್ಕೆ ಹೋಗಿದ್ದರು. ಗಾಳಿ ಇರಲಿಲ್ಲ. ನಾನು ನೋಡುತ್ತಿದ್ದಂತೆ ಬಾಲದ ತಗಡು ನಿಧಾನವಾಗಿ ಬಲಕ್ಕೆ ತಿರುಗಿತು. ನಾನು ಎಡಕ್ಕೆ ಸರಿದೆ. ಅದೂ ಎಡಕ್ಕೆ ಬಂತು. ಇಪ್ಪತ್ತಾರು ವರ್ಷ ವಿಜ್ಞಾನ ಪಾಠ ಮಾಡಿದವನು ಕೈ ಮುಗಿದೆ.

ಮುಂದಿನ ಕಿಟಕಿಯಿಂದ ಒಂದು ತಲೆ ಹೊರಬಂತು. ಹೊಳೆನರಸೀಪುರದ ಶಾಲೆಯಲ್ಲಿ ನನ್ನ ಹತ್ತಿರ ಓದಿ, ಈಗ ಇಲ್ಲಿ ಕಲಿಯುತ್ತಿದ್ದ ಹುಡುಗಿ. ಪೈಲಟ್ ಸೀಟಿನಲ್ಲಿ ಕೂತು ಬಾಲ ತಿರುಗಿಸುವ ಪೆಡಲ್ ತುಳಿದು ನೋಡುತ್ತಿದ್ದಳಂತೆ.

"ದೆವ್ವ ಇಲ್ಲ ಅಂತ ಏಳ್ಕೊಟ್ಟೋರು ನೀವೇ ಕಣ್ ಸಾ," ಅಂದಳು.

೨. ಖಾಲಿ ಆಕಾರ

ವಿಮಾನದೊಳಗೆ ಒಂದು ಸ್ಪ್ಯಾನರ್ ಮರೆತು ಬಂದರೂ ಅಪಾಯ. ಅದಕ್ಕೆ ಅಲ್ಲಿ ಪ್ರತಿ ಸಾಮಾನಿನ ಆಕಾರವನ್ನೂ ಹಲಗೆಯ ಮೇಲೆ ಕಪ್ಪು ಬಣ್ಣದಲ್ಲಿ ಬರೆದು, ಸಾಮಾನನ್ನು ಅದರ ಮೇಲೇ ತೂಗುಹಾಕುತ್ತಾರೆ. ಕಪ್ಪು ಕಂಡರೆ ಏನೋ ವಾಪಸು ಬಂದಿಲ್ಲ ಎಂದರ್ಥ.

ಮಗಳು ನಮ್ಮ ಅಡುಗೆಮನೆಯಲ್ಲೂ ಅಂಥದ್ದೊಂದು ಹಲಗೆ ಹಾಕಿದಳು. ಸೌಟು, ಇಕ್ಕಳ, ಜಾಲರಿ ಎಲ್ಲ ಅವುಗಳ ಜಾಗ ಸೇರಿದವು. ನೆನಪಿನಿಂದ ಬರೆದ ಅವಳ ತಾಯಿಯ ಕಡಗೋಲಿನ ಆಕಾರ ಮಾತ್ರ ಖಾಲಿ ಉಳಿಯಿತು. ಕಡಗೋಲು ಎಲ್ಲಿದೆಯೋ ನಮಗೆ ಇಂದಿಗೂ ಗೊತ್ತಿಲ್ಲ.

ಚನ್ನರಾಯಪಟ್ಟಣದಿಂದ ನನ್ನ ತಂಗಿ ಬಂದಳು. ಕಾಫಿ ಮಾಡಲು ಒಬ್ಬಳೇ ಒಳಗೆ ಹೋಗಿ ಸೌಟು ತೆಗೆದಳು. ಅದರ ಹಿಂದೆ ಕರಿ ಸೌಟು. ಇಕ್ಕಳ ತೆಗೆದಳು. ಹಿಂದೆ ಕರಿ ಇಕ್ಕಳ. ಯಾರೋ ಮಾಟ ಮಾಡಿಸಿದ್ದಾರೆಂದು ಹಾಲು ಒಲೆಯ ಮೇಲೆಯೇ ಬಿಟ್ಟು ಬಸ್ಸು ಹತ್ತಿದಳು. ಮೂರನೇ ದಿನ ಕಂಡಕ್ಟರ್ ಕೈಯಲ್ಲಿ ಕೆಂಪು ಬಟ್ಟೆ ಸುತ್ತಿದ ನಿಂಬೆಹಣ್ಣು ಬಂತು. ಅಡುಗೆಮನೆಯಲ್ಲಿ ಕಟ್ಟಬೇಕಂತೆ.

ಮಗಳು ಹಲಗೆಯ ಮೇಲೆ ಅದಕ್ಕೂ ಒಂದು ಗುಂಡು ಆಕಾರ ಬರೆದು, ಸರಿಯಾಗಿ ಅದರ ಮೇಲೆ ತೂಗುಹಾಕಿದಳು.

೩. ಪಕ್ಕದ ಮನೆಯ ಅಜ್ಜಿ

ವಿಮಾನದ ಮೈಯಲ್ಲಿ ಪದರ ಪದರವಾಗಿ ಅಂಟಿಸಿದ ಭಾಗಗಳಿರುತ್ತವೆ. ಒಳಗೆ ಅಂಟು ಬಿಟ್ಟರೆ ಕಣ್ಣಿಗೆ ಕಾಣುವುದಿಲ್ಲ. ನಾಣ್ಯದಿಂದ ಬಡಿದು, ಶಬ್ದ ಬದಲಾದ ಜಾಗವನ್ನು ಗುರುತಿಸಬೇಕು. ಮಗಳು ಈ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿದ್ದಳು. ಮತ್ತೆ ಫೇಲಾದರೆ ಒಂದು ವರ್ಷ ಹೋಗುತ್ತಿತ್ತು. ಫೀಸಿಗೆಂದು ತಾಯಿ ಬಳೆ ಮಾರಿದ್ದು ಅವಳಿಗೆ ಗೊತ್ತಿತ್ತು.

"ಕೇಳ್ಸುತ್ತೆ ಅಪ್ಪ, ಆದ್ರೆ ಕಿವಿನ ನಂಬಕ್ಕಾಗಲ್ಲ," ಅನ್ನುತ್ತಿದ್ದಳು.

ಒಂದು ಸಂಜೆ, ಪಕ್ಕದ ಮನೆಗೂ ನಮಗೂ ಒಂದೇ ಆದ ಅಡುಗೆಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ ಚೌಕ ಹಾಕಿಕೊಂಡು ನಾಣ್ಯದಿಂದ ಬಡಿಯತೊಡಗಿದಳು. ಒಂದು ಚೌಕದಲ್ಲಿ ಕೈ ನಿಂತಿತು. ಅನುಮಾನದಿಂದ ಅಲ್ಲೇ ಮತ್ತೆ ಮತ್ತೆ ಬಡಿದಳು. ನಾನು ಎಣಿಸಿದೆ, ಹದಿನೆಂಟು.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಪಕ್ಕದ ಮನೆಯ ಅಜ್ಜಿ. ಕೈಯಲ್ಲಿ ದೊಡ್ಡ ಪಾತ್ರೆ. ಒಳಗೆ ಇಣುಕಲಿಲ್ಲ.

"ಮೇಷ್ಟ್ರೇ, ಮೂರ್ ಸಲ ಬಡುದ್ರೆ ಒಂದ್ ಚಮಚ ಎಪ್ಪು ಅಂತ ನಿಮ್ ಎಂಡ್ತಿಗೂ ನಂಗೂ ಲೆಕ್ಕ. ಎಂಟ್ ತಿಂಗ್ಳು ಸುಮ್ನಿದ್ದು ಇವತ್ತು ಅದಿನೆಂಟು ಬಡುದವ್ಳೆ. ಅಲ್ಲಿ ಎಷ್ಟು ಜನುಕ್ಕೆ ಬಡಿಸ್ತಾವ್ಳೋ ಏನೋ. ಇರೋ ಮೊಸ್ರೆಲ್ಲಾ ತಂದಿವ್ನಿ."

ಹತ್ತೊಂಬತ್ತು ವರ್ಷ ಅದೇ ಮನೆಯಲ್ಲಿದ್ದ ನನಗೆ ಈ ಹೆಪ್ಪಿನ ಲೆಕ್ಕ ತಿಳಿದಿರಲಿಲ್ಲ. ಅಲ್ಲೊಂದು ಹಳೆಯ ಗೂಡನ್ನು ತೆಳುವಾಗಿ ಮುಚ್ಚಿದ್ದರು. ಬಡಿದರೆ ಆಚೆ ಕೇಳುವುದು ಅಲ್ಲಿ ಮಾತ್ರ. ನನ್ನ ಹೆಂಡತಿಗೆ ಅದು ಗೊತ್ತಿತ್ತು.

ಮಗಳು ಅಜ್ಜಿಯನ್ನು ಅವರ ಮನೆಗೇ ಕಳಿಸಿ ಗೋಡೆಯುದ್ದಕ್ಕೂ ಬಡಿದಳು. "ಇಲ್ಲ, ಇಲ್ಲ," ಎಂದು ಆಚೆಯಿಂದ ಬರುತ್ತಿದ್ದ ದನಿ ಆ ಚೌಕಕ್ಕೆ ಬಂದಾಗ, "ಊಂ, ಇದೇಯ," ಅಂದಿತು. ಕಿವಿ ಸುಳ್ಳು ಹೇಳಿರಲಿಲ್ಲ.

ಮುಂದಿನ ವಾರದ ಪರೀಕ್ಷೆಯಲ್ಲಿ ಅಂಟು ಬಿಟ್ಟ ಐದು ಜಾಗಗಳನ್ನೂ ಕಂಡುಹಿಡಿದು ಪಾಸಾದಳು. ಬಂದವಳೇ ಚಪ್ಪಲಿ ಬಿಟ್ಟು, ಅಜ್ಜಿಗೆ ಸುದ್ದಿ ಮುಟ್ಟಿಸಲೆಂದು ಆ ಜಾಗದಲ್ಲಿ ಮೂರು ಸಲ ಬಡಿದಳು.

ಆಚೆಯಿಂದ ಅಜ್ಜಿಯ ದನಿ ಬಂತು, ಮೆಲ್ಲಗೆ:

"ಮೊದ್ಲು ಯಾರು ಅಂತ ಏಳವ್ವ. ಎಪ್ಪು ಆಮೇಲೆ."