ಬೀಗಿತ್ತಿಯ ಜೊತೆ ಹಿಮದ ಮೇಲೆ

ನನಗೆ ಹೊಗಳಲು ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೆಲವರು ಆರಿಹೋದ ಕಾಫಿ ಕುಡಿದೂ ‘ಆಹಾ’ ಎನ್ನುತ್ತಾರೆ. ನನಗೆ ಅಮೃತವನ್ನೇ ಕೊಟ್ಟರೂ ‘ಪರವಾಗಿಲ್ಲ’ ಎಂಬುದಕ್ಕಿಂತ ದೊಡ್ಡ ಮಾತು ಬಾಯಿಂದ ಹೊರಡದು. ಇದು ತವರಿನ ಬಳುವಳಿ. ಹತ್ತನೇ ತರಗತಿಯಲ್ಲಿ ನಾನು ಶಾಲೆಗೇ ಮೊದಲು ಬಂದಾಗ ನಮ್ಮಪ್ಪ ಅಂಕಪಟ್ಟಿಯನ್ನು ತಿರುಗಿಸಿ, ಹಿಂಬದಿಯನ್ನೂ ನೋಡಿ, ‘ಪರವಾಗಿಲ್ಲ’ ಎಂದಿದ್ದರು. ಆ ಸಂತೋಷದಲ್ಲಿ ನನಗೆ ಅಂದು ಊಟವೇ ಸೇರಲಿಲ್ಲ. ಮುಂದೆ ನನ್ನನ್ನು ನೋಡಲು ಬಂದ ಗಂಡೂ ಮನೆಗೆ ಹೋಗಿ ಅದೇ ಮಾತು ಹೇಳಿದರಂತೆ. ಆ ಒಂದು ಮಾತಿನ ಮೇಲೆಯೇ ನಮ್ಮ ಸಂಸಾರ ಇಷ್ಟು ವರ್ಷ ನಡೆದಿದೆ.

ಮಗಳು ದೀಪಾಳ ಮದುವೆಯಾದ ಮೇಲೆ ಮರ್ಫಿ ಟೌನಿನ ಗಂಡಿನ ಮನೆಯವರು ನಮ್ಮನ್ನು ಬೀಗರೂಟಕ್ಕೆ ಕರೆದರು. ಅಳಿಯನ ತಾಯಿ ಕಮಲಮ್ಮ ಬೆಳಗಾಗುವ ಮೊದಲೇ ಶಿವಾಜಿನಗರಕ್ಕೆ ಹೋಗಿ ಮಾಂಸ ಆರಿಸಿ ತಂದು, ಅಡುಗೆಯವರನ್ನು ನಂಬದೆ ಕೈಮಾ ಉಂಡೆ ಸಾರನ್ನು ತಾವೇ ಮಾಡಿದ್ದರಂತೆ. ಇದೆಲ್ಲ ನನಗೆ ಹೇಗೆ ಗೊತ್ತಾಗಬೇಕು? ಅವರು ನನ್ನ ಎಲೆಯ ಮುಂದೆ ಬಂದು ನಿಂತು, “ಹೇಗಿತ್ರೀ ಊಟ?” ಎಂದು ಕೇಳಿದರು. ನಾನು ಬಾಯಿ ಒರೆಸಿಕೊಂಡು, “ಪರವಾಗಿಲ್ಲ” ಎಂದೆ.

ಅಂದಿನಿಂದ ಕಮಲಮ್ಮ ನನ್ನನ್ನು ‘ತಾವು’ ಎಂದು ಕರೆಯತೊಡಗಿದರು. ಜಗಳವಾಡಿದ್ದರೆ ಹೇಗೋ ಸುಧಾರಿಸಬಹುದಿತ್ತು, ಈ ಮರ್ಯಾದೆಗೆ ಮದ್ದಿರಲಿಲ್ಲ. ನಾನು ಹೋದರೆ ಕಾಫಿ ತಂದಿಟ್ಟು, “ತಗೊಳ್ಳಿ, ತಮಗೆ ಹಿಡಿಸುತ್ತೋ ಇಲ್ವೋ” ಎನ್ನುವರು. ಕ್ರಮೇಣ ನಾನು ಹೋಗುವುದನ್ನೇ ಬಿಟ್ಟೆ. ದೀಪಾ ಕೆಲಸ ಮುಗಿಸಿಕೊಂಡು ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಗೆ ಬಂದು, ಸೊಪ್ಪಿನವಳ ಗಾಡಿಯ ಪಕ್ಕದಲ್ಲಿ ಹತ್ತು ನಿಮಿಷ ನನ್ನೊಡನೆ ಮಾತಾಡಿ ಹೋಗುತ್ತಿದ್ದಳು. ಹೆತ್ತ ಮಗಳನ್ನು ಕದ್ದುಮುಚ್ಚಿ ನೋಡುವ ಪರಿಸ್ಥಿತಿ. ಒಂದು ದಿನ ಅವಳು ಮೆಂತ್ಯದ ಕಟ್ಟು ಹಿಡಿದುಕೊಂಡು, “ಸಾಕಾಗ್ಹೋಗಿದೆ ಅಮ್ಮಾ. ಅಲ್ಲಿ ನಿನ್ನ ಹೆಸರು ಎತ್ತೋ ಹಾಗಿಲ್ಲ, ಇಲ್ಲಿ ಅವರ ಹೆಸರು ಎತ್ತೋ ಹಾಗಿಲ್ಲ” ಎಂದು ಅತ್ತೇಬಿಟ್ಟಳು. ಸೊಪ್ಪಿನವಳು ಪಾಪವೆಂದು ಎರಡು ಎಸಳು ಕರಿಬೇವು ಹೆಚ್ಚಿಗೆ ಹಾಕಿದಳು.

ಅಳಿಯ ಮಂಜುನಾಥ ಉಪಾಯವೊಂದನ್ನು ಹುಡುಕಿದ. ಹಿಮಾಲಯದ ಔಲಿಯಲ್ಲಿ ಸ್ಕೀ ಆಡುವ ಒಂದು ರೆಸಾರ್ಟು, ನಾಲ್ಕು ಜನವಾದರೂ ಸೇರಿದರೆ ಬಹಳ ಅಗ್ಗವಂತೆ. ಎರಡೂ ಜೊತೆ ಅಪ್ಪ ಅಮ್ಮಂದಿರಿಗೆ ಆಹ್ವಾನ ಬಂತು. ಹಿಮ ಎಂದ ಕೂಡಲೇ ಗಂಡಸರಿಬ್ಬರಿಗೂ ಒಂದೇ ದಿನ ಕೆಮ್ಮು ಶುರುವಾಯಿತು. ಉಳಿದವರು ನಾವಿಬ್ಬರು. “ಅವರು ಬರ್ತಾರಾ?” ಎಂದು ನಾನು ದೀಪಾಳನ್ನು ಕೇಳಿದೆ. ಆ ಕಡೆ ಅವರೂ ಮಗನನ್ನು ಅದನ್ನೇ ಕೇಳಿದರಂತೆ. ಇನ್ನೊಬ್ಬರು ಹೆದರಿ ಹಿಂದೆ ಸರಿಯಲಿ ಎಂದು ಕಾಯುತ್ತ ಕಾಯುತ್ತ ಇಬ್ಬರೂ ವಿಮಾನ ಹತ್ತಿಬಿಟ್ಟೆವು.

ಹತ್ತು ಸಾವಿರ ಅಡಿ ಎತ್ತರ. ಅದುವರೆಗೆ ನಾನು ಬದುಕಿದ್ದ ಅತಿ ಎತ್ತರದ ಜಾಗವೆಂದರೆ ನಮ್ಮ ಎರಡನೇ ಮಹಡಿ. ರೆಸಾರ್ಟು ಏಕೆ ಅಗ್ಗವೆಂಬುದು ಕೋಣೆಯ ಬಾಗಿಲು ತೆಗೆದಾಗ ತಿಳಿಯಿತು. ಮಕ್ಕಳಿಗೊಂದು ಕೋಣೆ, ಬೀಗಿತ್ತಿಯರಿಬ್ಬರಿಗೊಂದು, ಕೋಣೆಗೆ ಒಂದೇ ಒಂದು ಪುಟ್ಟ ಹೀಟರು. ನಾನು ಅದನ್ನು ಅವರ ಮಂಚದ ಕಡೆ ತಿರುಗಿಸಿದೆ. “ಇಲ್ಲ ಇಲ್ಲ, ತಮಗಿರಲಿ” ಎಂದು ಅವರು ನನ್ನ ಕಡೆ ತಿರುಗಿಸಿದರು. ನಾನು ಬಿಡುತ್ತೇನೆಯೇ? ಸೌಜನ್ಯದಲ್ಲಿ ಸೋಲಬಾರದೆಂದು ಹೀಗೆ ಆರೇಳು ಸಲ ತಿರುಗಿಸಿದ ಮೇಲೆ, ಕೊನೆಗೆ ಅದು ಇಬ್ಬರಿಗೂ ಬೇಡವಾಗಿ ಬಾಗಿಲ ಕಡೆ ಮುಖ ಮಾಡಿ ನಿಂತಿತು. ಬಾಗಿಲು ಚೆನ್ನಾಗಿ ಬೆಚ್ಚಗಾಯಿತು. ನಾವು ಮಂಕಿ ಕ್ಯಾಪಿನೊಳಗೆ ಹಲ್ಲು ಕಡಿಯುತ್ತ ಮಲಗಿದೆವು.

ಮರುದಿನ ಬೆಳಿಗ್ಗೆ ಬಾಡಿಗೆಯ ಉಬ್ಬುಪ್ಯಾಂಟು, ಕಬ್ಬಿಣದಂಥ ಬೂಟು, ಅದಕ್ಕೆ ಸಿಕ್ಕಿಸಿದ ನಮ್ಮಷ್ಟೇ ಉದ್ದದ ಎರಡೆರಡು ಸ್ಕೀ ಪಟ್ಟಿ. ಸೀರೆಯನ್ನು ಬಿಟ್ಟಿರಲಾರದ ಕಮಲಮ್ಮ ಅದನ್ನೂ ಪ್ಯಾಂಟಿನೊಳಗೇ ತುರುಕಿದ್ದರು. ಮಕ್ಕಳು ಮೇಲಿನ ಇಳಿಜಾರಿಗೆ ಹೋದರು. ಕಲಿಯುವವರ ದಿಬ್ಬದಲ್ಲಿ ನಮಗೆ ಸಿಕ್ಕವರು ನರೆತ ಮೀಸೆಯ ಒಬ್ಬ ಶಿಕ್ಷಕರು. ಅವರು, “ಘುಟ್ನೇ ಮೋಡೋ! ಮೋಡೋ!” ಎಂದು ಕೂಗಿದರು. ನಾನು ತಲೆಯೆತ್ತಿ ಮೋಡ ಹುಡುಕಿದೆ. ಆಕಾಶ ತಿಳಿನೀಲಿಯಾಗಿತ್ತು. ಕಮಲಮ್ಮ ಮಾರ್ಕೆಟ್ಟಿನಲ್ಲಿ ಕಲಿತ ದಖ್ನಿ ಉರ್ದುವಿನಲ್ಲಿ, “ಕೈಕೂ ಚಿಲ್ಲಾರೆ ಭಾಯ್? ಮುಡ್ತಾಚ್ ನೈ!” ಎಂದು ತಿರುಗಿ ಕೂಗಿದಾಗಲೇ ನನಗೆ ತಿಳಿದದ್ದು, ಅವರು ಮಂಡಿ ಬಗ್ಗಿಸಲು ಹೇಳುತ್ತಿದ್ದಾರೆ, ಇವರು ಬಗ್ಗುವುದೇ ಇಲ್ಲ ಎನ್ನುತ್ತಿದ್ದಾರೆ ಎಂದು.

ಅಷ್ಟರಲ್ಲಿ ನನ್ನ ಪಟ್ಟಿಗಳು ತಾವಾಗಿಯೇ ಹೊರಟವು. ಕೈಗೆ ಸಿಕ್ಕಿದ್ದನ್ನು ಹಿಡಿದೆ. ಸಿಕ್ಕಿದ್ದು ಕಮಲಮ್ಮನವರ ಸೊಂಟ.

“ಅಯ್ಯೋ ಕಡವುಳೇ! ಬಿಡ್ರೀ ಶಾರದಮ್ಮೋರೇ! ಬಿಡಿ ಅಂದ್ರೆ! ಏಯ್ ಶಾರದಾ, ಬಿಡೇ!”

ಮೂರು ಮಾತಿನಲ್ಲಿ ನಾನು ಬಹುವಚನದಿಂದ ಏಕವಚನಕ್ಕೆ ಜಾರಿದ್ದೆ. ಆಮೇಲೆ ದಿಬ್ಬದ ಕೆಳಗೆ ಹಿಮದಲ್ಲಿ ಹೂತುಬಿದ್ದಿದ್ದೆವು. ನಾಲ್ಕು ಕಾಲು, ನಾಲ್ಕು ಪಟ್ಟಿ, ಯಾವುದು ಯಾರದೆಂದು ದೇವರೇ ಹೇಳಬೇಕು.

“ಕಾಲು ತೆಗಿಯೇ.”

“ನಿಂದೇ ಕಣೇ ಅದು” ಎಂದೆ ನಾನು.

ಕಮಲಮ್ಮ ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ನನಗೂ ನಗು ಬಂತು. ಆ ಎತ್ತರದಲ್ಲಿ ಉಸಿರೇ ಸಾಲದು, ನಕ್ಕರೆ ಕೇಳಬೇಕೆ? ನಗುವುದು, ಏದುವುದು, ಮತ್ತೆ ನಗುವುದು. ಶಿಕ್ಷಕರು ಗಾಬರಿಯಿಂದ ಇಳಿದು ಬರುತ್ತಿದ್ದರು.

ನಗು ನಿಂತ ಮೇಲೆ ಅವರು ಆಕಾಶ ನೋಡುತ್ತಲೇ ಕೇಳಿದರು. “ಈಗಾದ್ರೂ ನಿಜ ಹೇಳು. ಅವತ್ತು ಸಾರು ಹೇಗಿತ್ತು?”

“ಮೂರು ಸಲ ಹಾಕಿಸ್ಕೊಂಡೆ ಕಮಲಾ. ಹೇಗಿತ್ತು ಅಂತ ಇನ್ನೇನು ಹೇಳ್ಲಿ?”

“ಮೂರು ಸಲ ತಿಂದೋಳಿಗೆ ಚೆನ್ನಾಗಿತ್ತು ಅನ್ನೋಕೆ ಏನಾಗಿತ್ತು?”

ನನ್ನ ಸ್ವಭಾವವೇ ಹಾಗೆ ಎಂದು ಹೇಳಬಹುದಿತ್ತು. ಅದು ಅರ್ಧ ನಿಜ. ಉಳಿದರ್ಧವನ್ನು ನಾನು ನನ್ನ ಗಂಡನಿಗೂ ಹೇಳಿರಲಿಲ್ಲ. “ಹೊಟ್ಟೆಕಿಚ್ಚು ಕಣೇ” ಎಂದೆ. “ಈ ಸಾರು ತಿಂದ್ಮೇಲೆ ನನ್ನ ಮಗಳಿಗೆ ಇನ್ನು ನನ್ನ ಅಡುಗೆ ನೆನಪೇ ಆಗಲ್ಲ ಅನ್ನಿಸ್ಬಿಡ್ತು.”

ಕಮಲಮ್ಮ ನನ್ನ ಕಡೆ ಹೊರಳಿದರು. ನನ್ನ ಮಂಕಿ ಕ್ಯಾಪಿನ ಮೇಲಿದ್ದ ಹಿಮವನ್ನು ಕೈಗವಸಿನಿಂದ ಒರಟಾಗಿ ಕೊಡವಿದರು. “ಹುಚ್ಚಿ. ವಾರಕ್ಕೆರಡು ಸಲ ಅಮ್ಮನ ಬಸ್ಸಾರು, ಅಮ್ಮನ ಬಸ್ಸಾರು ಅಂತ ಅಂದು ಅಂದು ನನ್ನ ಕಿವಿ ತೂತಾಗಿದೆ. ನಾನೂ ಮಾಡಿ ನೋಡ್ದೆ, ನಿನ್ನದ್ರ ಹಾಗೆ ಬರ್ಲಿಲ್ಲ. ನಂಗೇನು ಉರಿಯಲ್ವಾ?”

ಆ ದಿನ ಸಂಜೆಯೊಳಗೆ ನಾವಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು, ಬೀಳದೆ, ಸುಮಾರು ಒಂದು ಬಸ್ಸಿನಷ್ಟು ಉದ್ದ ಜಾರಿದೆವು. ಶಿಕ್ಷಕರು ಚಪ್ಪಾಳೆ ತಟ್ಟಿದರು. ಕೆಳಗೆ ಕಾಯುತ್ತಿದ್ದ ದೀಪಾ ಫೋಟೋ ತೆಗೆಯಲು ಮರೆತು ಬಾಯಿ ತೆರೆದು ನಿಂತಿದ್ದಳು. ಜಾರಿದ್ದಕ್ಕಲ್ಲ, ನಾನು ಅವಳ ಅತ್ತೆಯನ್ನು “ಬಾರೇ” ಎಂದು ಕರೆದದ್ದಕ್ಕೆ.

ಊರಿಗೆ ಬಂದ ಮೇಲೆ ಕಮಲ ಭಾನುವಾರ ತಪ್ಪದೆ ನಮ್ಮ ಮನೆಗೆ ಬರುತ್ತಾಳೆ, ವಾರದ ನಡುವೆ ದಿನವೂ ಫೋನು. ಹೋದ ವಾರ ದೀಪಾ ನನಗೆ ಫೋನು ಮಾಡಿ, “ನೋಡಮ್ಮಾ, ಒದ್ದೆ ಟವೆಲ್ ಮಂಚದ ಮೇಲೆ ಹಾಕಿದ್ದಕ್ಕೆ ಅತ್ತೆ ಎಷ್ಟು ಮಾತಾಡಿದ್ರು ಗೊತ್ತಾ?” ಎಂದು ದೂರಿದಳು.

“ಟವೆಲ್ ಒಂದೇನಾ? ಬುಧವಾರ ಹಾಲು ಹೊರಗೇ ಬಿಟ್ಟು ಒಡೆದು ಹೋಯ್ತಂತಲ್ಲ?” ಎಂದೆ.

“ನೀವಿಬ್ರೂ ಮಾತು ಬಿಟ್ಟಿದ್ದಾಗ್ಲೇ ನಾನು ಚೆನ್ನಾಗಿದ್ದೆ” ಎಂದು ಫೋನು ಇಟ್ಟುಬಿಟ್ಟಳು.

ನನಗೆ ತುಂಬ ಬೇಜಾರಾಯಿತು. ಹೆತ್ತ ತಾಯಿಗೆ ಹೀಗೆ ಹೇಳಬಹುದೇ? ಯಾರ ಹತ್ತಿರವಾದರೂ ಹೇಳಿಕೊಳ್ಳಲೇಬೇಕು ಎನ್ನಿಸಿ, ಕೂಡಲೇ ಕಮಲಳಿಗೆ ಫೋನು ಮಾಡಿದೆ.