ದಪ್ಪ ಬಟ್ಟೆಯ ಬಾಗಿಲು

ತೊಳೆಯಪ್ಪನ ಕಷ್ಟಕ್ಕೆಲ್ಲ ಮೂಲ ಅವನು ಕಾಯುತ್ತ ಕೂರುತ್ತಿದ್ದುದು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯಿತ್ತು. ವಾಷಿಂಗ್ ಮಷೀನಿಗೆ ಪ್ರೋಗ್ರಾಮ್ ಬರೆಯುವವನಾದ್ದರಿಂದ ಆಫೀಸಿನವರು ಹೀಗೆ ಮರುನಾಮಕರಣ ಮಾಡಿದ್ದರು. ಮನೆಬಳಕೆಯ ಯಂತ್ರಗಳಿಗೆ ಬುದ್ಧಿ ತುಂಬುವ ಆಫೀಸು ಅದು. ಫ್ಯಾನು, ಒಲೆ, ಗೀಸರು, ತಾನೇ ಬೀಗ ಹಾಕಿಕೊಳ್ಳುವ ಬಾಗಿಲು, ಎಲ್ಲದರ ಪ್ರೋಗ್ರಾಮೂ ಒಂದೇ ಗಂಟಿನಲ್ಲಿತ್ತು. ‘ಬಿಲ್ಡ್’ ಎಂದರೆ ಸಾಕು, ಕಂಪ್ಯೂಟರು ಯಾವ ಯಂತ್ರಕ್ಕೆ ಎಂದು ಕೇಳದೆ ಫ್ಯಾನಿನಿಂದ ಬಾಗಿಲವರೆಗೆ ಎಲ್ಲವನ್ನೂ ಕಟ್ಟತೊಡಗುತ್ತಿತ್ತು. ಒಬ್ಬನಿಗೆ ಹಸಿವಾದರೆ ಊರಿಗೆಲ್ಲ ಅಡುಗೆ ಮಾಡಿದ ಹಾಗೆ. ಅದು ಮುಗಿಯುವತನಕ ತೊಳೆಯಪ್ಪ ಕೈಕಟ್ಟಿ ಕೂರಬೇಕು.

ಕೈಕಟ್ಟಿ ಕೂತವನನ್ನು ಕಂಡರೆ ಲೋಕಕ್ಕೆ ಆಗದು.

“ಸುಮ್ನೆ ಕೂತಿದ್ದೀಯಲ್ಲ, ಈ ಪ್ರಿಂಟರ್ ಸ್ವಲ್ಪ ನೋಡು,” ಎನ್ನುತ್ತಿದ್ದರು ಲೆಕ್ಕ ಬರೆಯುವ ಹಿರಿಯರು. “ಸುಮ್ನೆ ಕೂತಿದ್ದೀಯಲ್ಲ, ಈ ಬೀರು ಆ ಕಡೆಯಿಂದ ಹಿಡ್ಕೋ,” ಎನ್ನುತ್ತಿದ್ದಳು ಬಾಗಿಲಿನ ಪ್ರೋಗ್ರಾಮ್ ನೋಡಿಕೊಳ್ಳುವ ಬಾಗಿಲಕ್ಕ. ಹೀಗೆ ಬಿಟ್ಟಿ ಚಾಕರಿ ಮಾಡಿ ಮಾಡಿ ಅವನ ಸ್ವಂತ ಕೆಲಸ ಹಿಂದೆ ಬಿದ್ದಿತ್ತು. ಮದುವೆಯ ಹೊಸದರಲ್ಲಿ ಹೆಂಡತಿಗೆ ತೋರಿಸುತ್ತೇನೆಂದಿದ್ದ ಸಮುದ್ರ ಪ್ರತಿವರ್ಷವೂ ಮುಂದಕ್ಕೆ ಹೋಗುತ್ತಲೇ ಇತ್ತು.

ಇವತ್ತು ಮಾತ್ರ ಹಾಗಾಗುವಂತಿರಲಿಲ್ಲ. ಸಂಜೆ ಐದರ ಬಸ್ಸಿಗೆ ಟಿಕೆಟ್ ಆಗಿತ್ತು. “ನಿನ್ನ ಮಷೀನು ಮುಗಿಸಿ ಮೂರು ದಿನ ರಜೆ ತಗೋ,” ಎಂದಿದ್ದರು ಯಜಮಾನರು. “ಈ ಸಲಾನೂ ತಪ್ಪಿಸಿದ್ರೆ ನಾನೊಬ್ಳೇ ಹೋಗ್ತೀನಿ ರೀ,” ಎಂದಿದ್ದಳು ಹೆಂಡತಿ. ಅವಳು ಆಡಿದ್ದನ್ನು ಮಾಡುವವಳು.

ಬೆಳಿಗ್ಗೆ ಸೆಟ್ಟಿಂಗ್ಸ್ ಫೈಲಿನಲ್ಲಿ ಖಾಲಿ ಬಿದ್ದಿದ್ದ ಒಂದು ಸಾಲು ಅವನ ಕಣ್ಣಿಗೆ ಬಿತ್ತು: ಡೀಫಾಲ್ಟ್. ಹೆಸರು ಹೇಳದೆ ಬಿಲ್ಡ್ ಎಂದಾಗ ಯಾವ ಯಂತ್ರದ್ದನ್ನು ಕಟ್ಟಬೇಕೆಂದು ಅಲ್ಲಿ ಬರೆಯಬಹುದಿತ್ತು. ಈವರೆಗೆ ಯಾರೂ ಬರೆದಿರಲಿಲ್ಲ. ತೊಳೆಯಪ್ಪ ‘ವಾಷಿಂಗ್ ಮಷೀನ್’ ಎಂದು ಬರೆದು ಬಿಲ್ಡ್ ಕೊಟ್ಟ. ಅಷ್ಟರಲ್ಲಿ ಸೀನು ಬಂತು. ಸೀನಿ ಕಣ್ಣು ಬಿಟ್ಟರೆ ಬಿಲ್ಡ್ ಮುಗಿದಿತ್ತು.

ರಾಜ್ಯ ಗೆದ್ದಷ್ಟು ಸಂತೋಷವಾಯಿತು ಅವನಿಗೆ. ಪ್ರಿಂಟರ್ ನೋಡಲು ಕರೆ ಬಂದಾಗ “ಕೆಲ್ಸ ಇದೆ ಸರ್” ಎಂದು ಮೊದಲ ಬಾರಿಗೆ ಹೇಳಿ, ಆ ಮಾತಿನ ರುಚಿಯನ್ನು ಬಾಯೊಳಗೇ ಸ್ವಲ್ಪ ಹೊತ್ತು ಇಟ್ಟುಕೊಂಡ. ಊಟದ ಹೊತ್ತಿಗೆ ಎಲ್ಲ ಮುಗಿಸಿ, ತಿದ್ದಿದ್ದನ್ನೆಲ್ಲ ಎಲ್ಲರೂ ಬಳಸುವ ಗಂಟಿಗೆ ಸೇರಿಸಿದ. ಆ ಒಂದು ಸಾಲೂ ಜೊತೆಗೆ ಹೋಯಿತು.

ಮಧ್ಯಾಹ್ನ ಬಾಗಿಲು ನೋಡಲು ದೊಡ್ಡ ಗಿರಾಕಿಯೊಬ್ಬರು ಬರುವವರಿದ್ದರು. ಬಾಗಿಲಕ್ಕ ಎಂದಿನಂತೆ ಹೆಸರು ಹೇಳದೆ ಬಿಲ್ಡ್ ಮಾಡಿ, ಕಟ್ಟಿದ್ದನ್ನು ಮೀಟಿಂಗ್ ಕೋಣೆಯ ಬಾಗಿಲಿಗೆ ತುಂಬಿದಳು. “ಇವತ್ತು ಎಷ್ಟು ಬೇಗ ಆಯ್ತು,” ಎಂದು ಪಾಪ, ಹಿಗ್ಗಿದಳು.

ಗಿರಾಕಿ “ಹತ್ತೇ ನಿಮಿಷ, ಟೈಮಿಲ್ಲ” ಎನ್ನುತ್ತಲೇ ಯಜಮಾನರ ಜೊತೆ ಒಳಗೆ ಹೋದರು. ಟಕ್ ಎಂದು ಬೀಗ ಬಿತ್ತು. ಬಾಗಿಲ ಮೇಲಿನ ಪುಟ್ಟ ಪರದೆಯಲ್ಲಿ ಅಕ್ಷರ ಮೂಡಿತು: ‘ದಪ್ಪ ಬಟ್ಟೆ. ನೆನೆಯುತ್ತಿದೆ. ಮುಗಿಯುವತನಕ ಬಾಗಿಲು ತೆರೆಯದು.’

“ಯಾರ್ರೀ ಸೆಟ್ಟಿಂಗ್ಸ್ ಮುಟ್ಟಿದ್ದು?” ಎಂದಳು ಬಾಗಿಲಕ್ಕ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನು ತೊಳೆಯಪ್ಪ ಒಬ್ಬನೇ.

“ಹೇಗಾದ್ರೂ ತೆಗಿಯೋ.”

“ಪ್ರೋಗ್ರಾಮ್ ಬದಲಿಸೋಕೆ ತಂತಿ ಚುಚ್ಚೋ ಜಾಗ ಒಳಗಡೆ ಇದೆ ಅಕ್ಕ. ನೀರು ಚೆಲ್ಲಬಾರ್ದು ಅಂತ ಮಷೀನಿನ ಬೀಗಾನೂ ನಾನೇ ಬಿಗಿ ಮಾಡಿದ್ದೆ.”

ಒಳಗಿನಿಂದ ಯಜಮಾನರು ಬಾಗಿಲು ಬಡಿದರು. “ಎಷ್ಟು ಹೊತ್ತಯ್ಯಾ ಇದು?”

“ನೆನೆದ ಮೇಲೆ ಒಗೆಯೋದು ಸರ್. ಆಮೇಲೆ ಎರಡು ಸಲ ಜಾಲಿಸಿ ಹಿಂಡೋದು. ತೆಳು ಬಟ್ಟೆ ಆಗಿದ್ರೆ ಬೇಗ ಆಗ್ತಿತ್ತು.”

ತೊಳೆಯಪ್ಪನ ಎದೆ ಕೊನೆಯ ಸುತ್ತಿನ ಮಷೀನಿನಂತೆ ಗಡಗಡ ಎನ್ನುತ್ತಿತ್ತು. ಲೆಕ್ಕದ ಹಿರಿಯರು ಅವನ ಬೆನ್ನು ಸವರಿ, “ಕೆಲ್ಸ ಹೋಗೋಕೆ ಮುಂಚೆ ಆ ಪ್ರಿಂಟರ್ ಒಂದು ನೋಡ್ಬಿಡಪ್ಪ,” ಎಂದರು.

ಕಡೆಗೂ ‘ಹಿಂಡಿ ಆಯಿತು’ ಎಂದು ಪರದೆ ಸಾರಿ, ಬಾಗಿಲು ಪೀಪೀ ಎಂದು ಹಾಡಿ ತೆರೆದುಕೊಂಡಿತು. ಹೊರಬಂದ ಗಿರಾಕಿಯ ಮುಖ ಈಗತಾನೆ ಒಗೆದು ಒಣಹಾಕಿದಷ್ಟು ಬೆಳ್ಳಗಿತ್ತು.

“ನಮ್ಮ ಮೀಟಿಂಗಲ್ಲಿ ಅರ್ಧಕ್ಕೇ ಎದ್ದು ಹೋಗೋರೇ ಎಲ್ಲಾ, ನನ್ನನ್ನೂ ಸೇರಿಸಿ,” ಎಂದರು. “ಇವತ್ತು ಮೊದಲ್ನೇ ಸಲ ಒಂದು ಮಾತು ಪೂರ್ತಿ ಮುಗೀತು, ಸಹೀನೂ ಆಯ್ತು. ನಮ್ಮ ಆಫೀಸುಗಳಿಗೆಲ್ಲ ಇದೇ ಬಾಗಿಲು ಹಾಕಿ. ದಪ್ಪ ಬಟ್ಟೇನೇ ಇರ್ಲಿ.”

ಯಜಮಾನರು ತೊಳೆಯಪ್ಪನನ್ನು ಬಾಚಿ ತಬ್ಬಿಕೊಂಡರು. “ಮೂರಲ್ಲಯ್ಯ, ಐದು ದಿನ ರಜೆ ತಗೋ.” ಆಫೀಸಿಗೆ ಆಫೀಸೇ ಚಪ್ಪಾಳೆ ತಟ್ಟಿತು. ಯಜಮಾನರು ಬಾಗಿಲಕ್ಕನನ್ನು ಕರೆದು ಏನೋ ಹೇಳಿದ್ದು ತೊಳೆಯಪ್ಪನಿಗೆ ಕೇಳಿಸಲಿಲ್ಲ, ಅವನು ಫೋನಿನಲ್ಲಿದ್ದ. “ಬ್ಯಾಗ್ ತಗೊಂಡು ಆಫೀಸ್ ಮುಂದಿನ ಸ್ಟಾಪಿಗೇ ಬಂದ್ಬಿಡೇ. ನಿನ್ ಗಂಡ ಇವತ್ತು ಗೆದ್ದಿದ್ದಾನೆ.”

ಐದಕ್ಕೆ ಸ್ವಲ್ಪ ಮೊದಲು ತಲೆ ಬಾಚಿಕೊಂಡು, ಸಿಕ್ಕಸಿಕ್ಕವರ ಕೈಕುಲುಕುತ್ತ ಅವನು ಮುಂಬಾಗಿಲಿಗೆ ಬಂದ. ಗಾಜಿನಾಚೆ, ರಸ್ತೆಯ ಆ ಬದಿಯಲ್ಲಿ ಹೆಂಡತಿ ಎರಡು ಬ್ಯಾಗು ಹಿಡಿದು ನಿಂತಿದ್ದಳು. ಕೈ ಬೀಸಿದ. ಬಾಗಿಲಿಗೆ ಕೈಹಾಕಿದ.

ಟಕ್.

‘ದಪ್ಪ ಬಟ್ಟೆ. ನೆನೆಯುತ್ತಿದೆ.’

“ಸಂಜೆ ಬೇಗ ಜಾರಿಕೊಳ್ಳೋರು ಜಾಸ್ತಿ ಆಗಿದ್ದಾರೆ ಅಂತ ಯಜಮಾನ್ರು ಇಲ್ಲಿಗೂ ಹಾಕಿಸಿದ್ರು,” ಎಂದಳು ಹಿಂದಿನಿಂದ ಬಾಗಿಲಕ್ಕ, ಹೆಮ್ಮೆಯಿಂದ. “ಏನೂ ಕಷ್ಟ ಆಗ್ಲಿಲ್ಲ. ಹೆಸರೂ ಹೇಳ್ದೆ ಬರೀ ಬಿಲ್ಡ್ ಅಂದೆ. ನಿನ್ನ ಆ ಒಂದು ಸಾಲು ಎಂಥ ಅನುಕೂಲ ಅಂತೀಯ.”

“ತಂತಿ ಚುಚ್ಚೋ ಜಾಗ ಎಲ್ಲಿದೆ ಅಕ್ಕ?”

“ಹೊರಗಡೆ ಇಟ್ಟಿದ್ದೀನಿ. ಒಳಗಿದೆ ಅಂತ ಮಧ್ಯಾಹ್ನ ನೀನೇ ಒದ್ದಾಡಿದ್ಯಲ್ಲ.”

ಬಸ್ಸು ಬಂತು. ಹೆಂಡತಿ ಅವನನ್ನು ನೋಡಿದಳು, ಬಸ್ಸನ್ನು ನೋಡಿದಳು, ಇನ್ನೊಮ್ಮೆ ಅವನನ್ನು ನೋಡಿದಳು. ಆಮೇಲೆ ಎರಡೂ ಬ್ಯಾಗನ್ನು ಎತ್ತಿಕೊಂಡು ಹತ್ತಿದಳು. ಕಿಟಕಿಯ ಸೀಟಿನಲ್ಲಿ ಕೂತು, ಪಕ್ಕದ ಖಾಲಿ ಸೀಟಿನ ಮೇಲೆ ಅವನ ಬ್ಯಾಗನ್ನಿಟ್ಟು, ಚೆನ್ನಾಗಿಯೇ ಕೈಬೀಸಿದಳು. ಸಮುದ್ರ ನೋಡಲು ಹೊರಟವರ ಮುಖದಲ್ಲಿರುವ ಗೆಲುವು ಅವಳಲ್ಲಿ ಆಗಲೇ ಬಂದಿತ್ತು.

ತೊಳೆಯಪ್ಪ ಗಾಜಿಗೆ ಮೂಗು ಒತ್ತಿ ನಿಂತ. ಬಸ್ಸು ತಿರುವಿನಲ್ಲಿ ಮರೆಯಾಯಿತು. ಪರದೆ ‘ಒಗೆಯುತ್ತಿದೆ’ ಎಂದಿತು. ಹಿಂದೆ ಯಾರೋ ಮೆಲ್ಲಗೆ ಕೆಮ್ಮಿದರು, ಲೆಕ್ಕದ ಹಿರಿಯರು.

“ಹೇಗೂ ಸುಮ್ನೆ ನಿಂತಿದ್ದೀಯಲ್ಲ,” ಎಂದರು.